ಒನಕೆ ಎಳೆದುಕೊಂಡು ಹೋದ ದಿನ

ನಾನು ಚಿಕ್ಕವಳಿದ್ದಾಗ ತೂಬಗೆರೆಗೆಲ್ಲ ಇದ್ದದ್ದು ಒಂದೇ ಕಾರು, ಅದೂ ಮುದಿ ಕಾರು. ಕಾರು ನಮ್ಮೂರ ಸಾಹುಕಾರರದ್ದು, ಓಡಿಸುತ್ತಿದ್ದವನು ನನ್ನ ಅಪ್ಪ. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ ಬೇರೆ. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೂ ಅಪ್ಪ ಅದನ್ನು ಮನೆಯ ಹಸುವಿಗಿಂತ ಚೆನ್ನಾಗಿ ತೊಳೆಯುತ್ತಿದ್ದ. "ಇದು ನನ್ ಸವ್ತಿ ಕಣೇ" ಎಂದು ಅವ್ವ ಗೊಣಗುತ್ತಿದ್ದಳು.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಕಾರನ್ನು ನಮ್ಮ ಮನೆಯ ಮುಂದೆ ತಂದು, ಮುಂದಿನ ಚಕ್ರಗಳನ್ನು ಮಣ್ಣಿನ ದಿಬ್ಬಕ್ಕೆ ಹತ್ತಿಸಿದ. ಎಂಜಿನ್ ತಣ್ಣಗಾಗುವವರೆಗೆ ಎಲೆ ಅಡಿಕೆ ಮೆಲ್ಲುತ್ತ ಕೂತ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಅದನ್ನು ಅವನು ನಂಬುವವನಲ್ಲ. ಹಿಂದಿನ ಚಕ್ರಗಳಿಗೆ ಒತ್ತಾಗಿ ನಮ್ಮ ಒನಕೆಯನ್ನು ಅಡ್ಡ ಇಟ್ಟು, ಅದು ಜಾರದಂತೆ ಎರಡು ಗೂಟ ಹೊಡೆದ. ಆಮೇಲೆ ಗೋಣಿತಾಟು ಹಾಸಿ ಕೆಳಗೆ ನುಸುಳಿದ. ಬಿದಿರಿನ ಕಡ್ಡಿಯಿಂದ ಒಣಗಿದ ಕೆಸರು ಕೆರೆದು, ತೆಂಗಿನ ನಾರಿಗೆ ಸೀಗೆನೀರು ಹಾಕಿ ಉಜ್ಜತೊಡಗಿದ. ಸೀಗೆಯ ಘಾಟು, ಗ್ರೀಸು, ಒದ್ದೆ ಮಣ್ಣು ಎಲ್ಲ ಸೇರಿದ ಆ ವಾಸನೆ ನನಗೆ ಬಲು ಇಷ್ಟ.

ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು. "ಒನಕೆ ಎಲ್ಲೇ? ತೊಳ್ದು ಪೂಜೆಗಿಡ್ಬೇಕು, ಬೇಗ ತಗೊಂಡ್ ಬಾ!"

ಪೂಜೆಯ ಒನಕೆ ಚಕ್ರದ ಬುಡದಲ್ಲಿ ಬಿದ್ದಿದೆಯಲ್ಲ ಎಂದು ನನಗೂ ಕಸಿವಿಸಿಯಾಗಿತ್ತು. ಅಪ್ಪನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಎಳೆದುಕೊಂಡು ಹೋದೆ. ತೊಳೆದು ಅರಿಶಿನ ಹಚ್ಚುತ್ತಿದ್ದಾಗ ಹೊರಗೆ ಕಿರ್ರೆಂದು ಸದ್ದಾಯಿತು, ಹಿಂದೆಯೇ ಅಪ್ಪನ ಕೂಗು. ಬ್ರೇಕು ಕೈಕೊಟ್ಟು ಕಾರು ಹಿಂದಕ್ಕೆ ಉರುಳಿತ್ತು. ಅಪ್ಪನ ಜೀವಕ್ಕೇನೂ ಆಗಲಿಲ್ಲ. ಆದರೆ ಚಾಚಿದ್ದ ಬಲಗೈ ಚಕ್ರಕ್ಕೆ ಸಿಕ್ಕಿತ್ತು.

ಸಾಹುಕಾರರು ಓಡಿ ಬಂದು, "ಅಡ್ಡ ಏನೂ ಇಟ್ಟಿರ್ಲಿಲ್ವೇನಯ್ಯಾ?" ಎಂದು ಗದರಿದರು. ಬಾಗಿಲಲ್ಲಿ ಒನಕೆ ಹಿಡಿದು ನಿಂತಿದ್ದ ನನ್ನನ್ನು ಅಪ್ಪ ನೋಡಿದ.

"ಮರ್ತ್‌ಬಿಟ್ಟೆ ಸಾಮಿ" ಎಂದ.

ಗಾಯ ಮಾಯಿತು, ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಕಾರು ಬೇರೆಯವನ ಕೈಗೆ ಹೋಯಿತು. ಅಷ್ಟು ಎಚ್ಚರದ ಮನುಷ್ಯನನ್ನು ಊರೆಲ್ಲ ಮರೆಗುಳಿ ಎಂದು ಆಡಿಕೊಂಡಿತು. ಅಪ್ಪ ನಕ್ಕುಬಿಡುತ್ತಿದ್ದ. ನಾನು ತುಟಿ ಬಿಚ್ಚಲಿಲ್ಲ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಿಮ್ಮ ಕಾಲ ಬೇರೆ, ಮಕ್ಕಳೇ. ಈಗ ಕಾರನ್ನು ಯಂತ್ರವೇ ಮೇಲೆತ್ತುತ್ತದೆ, ಜನ ಕೆಳಗೆ ನಿಂತುಕೊಂಡೇ ತೊಳೆಯುತ್ತಾರೆ. ನನಗೆ ಹೊಟ್ಟೆಕಿಚ್ಚು ಅದನ್ನು ಕಂಡಲ್ಲ. ಗಾಜಿನ ಲೋಟ ಒಡೆದರೆ ನೀವು ಓಡಿ ಬಂದು "ಸಾರಿ ಅಜ್ಜಿ" ಅಂದುಬಿಡುತ್ತೀರಿ, ಮರುಗಳಿಗೆಯೇ ಆಟಕ್ಕೆ ಹೋಗುತ್ತೀರಿ. ಅಂಥ ಒಂದು ಮಾತು ನನ್ನ ಬಾಯಿಂದ ಬರಲೇ ಇಲ್ಲ. ಅಪ್ಪ ತೀರಿಕೊಂಡ ದಿನ ಆ ಕೈಯನ್ನೇ ಹಿಡಿದು ಕೂತಿದ್ದೆ. ಆಗಲೂ ಹೇಳಲಿಲ್ಲ.