ಅಳಿಯನ ಬಿಯರ್ ಹಂಡೆಗೆ ಅಮ್ಮ ತಂದ ನಲ್ಲಿ

ಇದಾಗಿ ಮೂರು ವಾರವಾಯಿತು. ಈಗಲೂ ಸಾಂಟಾ ಕ್ಲಾರಾದ ಆಫೀಸಿನಲ್ಲಿ ಯಾರಾದರೂ ಸ್ಲೈಡು ತೋರಿಸುತ್ತಿದ್ದರೆ ನನ್ನ ಕಣ್ಣೆದುರು ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಬಂದು ನಿಲ್ಲುತ್ತದೆ. ಅದರಲ್ಲಿ ಯಾರೂ ಇಲ್ಲ. ಇಲ್ಲದಿರುವುದು ನನ್ನ ಪುಣ್ಯ. ಆದರೂ ನಾನು ಪ್ರತಿ ಸಲ ಅಮ್ಮನನ್ನು ಅದರಲ್ಲಿ ಕೂರಿಸಿ ನೋಡುತ್ತೇನೆ, ಬೆವರುತ್ತೇನೆ, ಮತ್ತೆ ಎಬ್ಬಿಸುತ್ತೇನೆ. ಕಂಪ್ಯೂಟರಿನ ಚಿಪ್‌ಗಳು ಎಲ್ಲೆಲ್ಲಿ ಕೈಕೊಡಬಹುದು ಎಂದು ಮೊದಲೇ ಹುಡುಕಿಡುವುದು ನನ್ನ ಉದ್ಯೋಗ. ಆ ಕುರ್ಚಿಯನ್ನು ಅಲ್ಲಿ ಹಾಕಿದವಳೂ ನಾನೇ.

ನನ್ನ ಗಂಡನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿರುವ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ನಲವತ್ತು ಲೀಟರಿನ ಸ್ಟೀಲ್ ಹಂಡೆಗಿದೆ. ಅದರಲ್ಲಿ ಬಾರ್ಲಿ ಮಾಲ್ಟಿನ ರಸವನ್ನು ಒಂದು ಗಂಟೆ ಕುದಿಸಬೇಕು, ಆಮೇಲೆ ಆರಿಸಿ ಬೇರೆ ಪಾತ್ರೆಗೆ ಇಳಿಸಬೇಕು. ಇಷ್ಟು ದಿನ ಚೊಂಬಿನಲ್ಲಿ ಮೊಗೆದು ಮೊಗೆದು ಸುಸ್ತಾದವನು, ಹಂಡೆಯ ಬುಡಕ್ಕೆ ತೂತು ಕೊರೆದು ನಲ್ಲಿ ಕೂರಿಸುವ ತೀರ್ಮಾನ ಮಾಡಿದ. ಇಲ್ಲಿನ ಅಂಗಡಿಯಲ್ಲಿ ನಲ್ಲಿಗೆ ಬರವಿಲ್ಲ. ಆದರೆ ಆಗ ಅಮ್ಮ ಮೈಸೂರಿನಿಂದ ಹೊರಡುವವಳಿದ್ದಳು. ಊರಿನಿಂದ ಯಾರಾದರೂ ಹೊರಟರೆಂದರೆ ಅವರ ಸೂಟ್‌ಕೇಸಿನಲ್ಲಿ ಖಾಲಿ ಜಾಗ ಉಳಿಯಬಾರದೆಂಬುದು ನಮ್ಮ ಜನರ ಧರ್ಮ. "ಅತ್ತೆ, ಒಂದು ಹಿತ್ತಾಳೆ ನಲ್ಲಿ ತನ್ನಿ. ನಮ್ಮ ಕಡೇದು ಮೂವತ್ತು ವರ್ಷ ಬಾಳಿಕೆ ಬರುತ್ತೆ" ಎಂದ.

ಅಮ್ಮ ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ತಂದಳು. ಯಾತಕ್ಕೆಂದು ಗೊತ್ತಾದಾಗ ರಂಪ ಮಾಡುತ್ತಾಳೆಂದು ನಾನು ಹೆದರಿದ್ದೆ. ಅವಳು ಮಾಲ್ಟನ್ನು ಮೂಸಿ ನೋಡಿ, "ಮೊಳಕೆ ರಾಗಿ ಹುರಿದ ವಾಸನೇನೇ ಇದೆ. ಮನೇಲೇ ಮಾಡಿದ್ದು ಅಂದ್ರೆ ಕೆಮಿಕಲ್ ಇರಲ್ಲ ಬಿಡು" ಎಂದುಬಿಟ್ಟಳು. ಉಪ್ಪಿನಕಾಯಿಗೆ ಅನ್ವಯಿಸುವ ನಿಯಮವನ್ನೇ ಬಿಯರಿಗೂ ವಿಸ್ತರಿಸಿದ್ದಳು.

ನಮಗಿಬ್ಬರಿಗೂ ಹೊಳೆಯದಿದ್ದ ಸಂಗತಿ ಇದು: ನಮ್ಮೂರಿನ ನಲ್ಲಿಯ ಥ್ರೆಡ್ಡು, ಅಂದರೆ ತಿರುಪಿನ ಸುತ್ತು, ಒಂದು ಅಳತೆಯದು, ಹಂಡೆಯ ತೂತಿಗೆ ಅವನು ಕೂರಿಸಿದ್ದ ಅಮೆರಿಕದ ಪೈಪಿನ ತುಂಡಿನದು ಇನ್ನೊಂದು. ಎರಡನ್ನೂ ಕರೆಯುವುದು ಅರ್ಧ ಇಂಚು ಎಂದೇ. ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ನಾಲ್ಕನೆಯದಕ್ಕೆ ಬಿಗಿಯಾಗುತ್ತದೆ, ಜಾತಕ ಕೂಡಿಬಂತೆಂದು ನಾವು ಖುಷಿಪಡುತ್ತೇವೆ. ನನ್ನ ಗಂಡ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗೇ. ಆದರೆ ಇಪ್ಪತ್ತು ವರ್ಷದಿಂದ ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರು ಬರೆದು ಕೈಗೆ ಕಬ್ಬಿಣದ ನೆನಪು ಹೋಗಿದೆ. ಗಾಯಕ್ಕೆ ಬ್ಯಾಂಡೇಜು ಸುತ್ತಿದಂತೆ ಟೆಫ್ಲಾನ್ ಟೇಪು ಸುತ್ತಿ, ಶುಕ್ರವಾರ ಸಂಜೆ ತಣ್ಣೀರು ತುಂಬಿಸಿ ಪರೀಕ್ಷಿಸಿದ. ಒಂದು ಹನಿಯೂ ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಮಂಜು ಮುಸುಕಿತ್ತು. ಗ್ಯಾರೇಜಿನ ಬಾಗಿಲು ತೆರೆದು, ಬಾಯಲ್ಲೇ ಗ್ಯಾಸ್ ಒಲೆ ಇಟ್ಟು ಹಂಡೆ ಏರಿಸಿದ್ದ. ಅಮ್ಮ ಸ್ವೆಟರು ಹಾಕಿಕೊಂಡು, ಹವಾಯಿ ಚಪ್ಪಲಿ ಮೆಟ್ಟಿ ನೋಡಲು ಬಂದಳು. ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದಳು. ಬೆಂಕಿಯ ಶಾಖ ತಗಲಲಿ ಎಂದು ಕುರ್ಚಿ ತಂದು ಹಾಕಿದೆ, ದಿಂಬನ್ನೂ ಇಟ್ಟೆ. ಒಲೆಯಿಂದ ಎರಡೇ ಅಡಿ, ನಲ್ಲಿಗೆ ನೇರ ಎದುರು.

ರಸ ಕುದಿಯಲು ಶುರುವಾಗಿ ಹತ್ತು ನಿಮಿಷಕ್ಕೆ ನಲ್ಲಿಯ ಬುಡದಲ್ಲಿ ಒಂದು ಹನಿ ಕಾಣಿಸಿತು. ಮೈಸೂರಿನಲ್ಲಿ ನಲ್ಲಿ ತೊಟ್ಟಿಕ್ಕಿದರೆ ಪ್ಲಂಬರನ್ನು ಕರೆಯುವುದು ಎರಡನೆಯ ಕೆಲಸ. ಮೊದಲನೆಯದು ಕೆಳಗೆ ಪಾತ್ರೆ ಇಡುವುದು. ಅಮ್ಮ ಒಳಗೆ ಹೋಗಿ ಒಂದು ಬಟ್ಟಲು ತಂದು ಇಟ್ಟು, ಮತ್ತೆ ಕುರ್ಚಿಯಲ್ಲಿ ಕೂತು, ಹಾಲು ಕಾಯುವವಳಂತೆ ಬಗ್ಗಿ ನೋಡತೊಡಗಿದಳು.

"ಅಮ್ಮಾ, ಈ ಕಡೆ ಬಾ."

"ಸುಮ್ನಿರೇ. ಒಳ್ಳೇ ಮಾಲ್ಟು, ಚೆಲ್ಲಿ ಹಾಳಾಗತ್ತೆ."

"ಕುದೀತಾ ಇದೆ ಅದು!"

"ಕುದಿಯೋದನ್ನ ನಾನು ನೋಡಿಲ್ವಾ? ಹುಟ್ಟಿದಾಗಿಂದ ಅದನ್ನೇ ನೋಡ್ತಿರೋದು."

ಹನಿ ದಾರವಾಯಿತು. ಬಟ್ಟಲು ತುಂಬುತ್ತ ಬಂತು. "ಅಳಿಯಂದ್ರೇ, ನಿಮ್ಮ ನಲ್ಲಿ ಅಳ್ತಾ ಇದೆ" ಎಂದಳು ಅಮ್ಮ.

"ಅರ್ಧ ಸುತ್ತು ಟೈಟ್ ಮಾಡಿದ್ರೆ ನಿಲ್ಲುತ್ತೆ ಅತ್ತೆ" ಎಂದು ಅವನು ಉದ್ದನೆಯ ಸ್ಪ್ಯಾನರು ತಂದ.

"ಗ್ಯಾಸ್ ಆಫ್ ಮಾಡಿ ತಿರುಗಿಸೋ" ಎಂದೆ.

"ಕುದಿ ನಿಂತ್ರೆ ಟೈಮಿಂಗ್ ಕೆಡುತ್ತೆ ಕಣೇ. ಅರ್ಧ ಸುತ್ತು, ಅಷ್ಟೇ."

ಆಗ ನಾನು ಮಾಡಿದ್ದೇನು? ಅಮ್ಮನ ಕೈಹಿಡಿದು ಎಳೆಯಬಹುದಿತ್ತು. ಸಿಲಿಂಡರಿನ ಕಿವಿ ತಿರುಗಿಸಬಹುದಿತ್ತು. ನಾನು ಫೋನು ತೆಗೆದು, ಭಾರತದ ನಲ್ಲಿ ಅಮೆರಿಕದ ಪೈಪಿಗೆ ಕೂರುತ್ತದೆಯೇ ಎಂದು ಹುಡುಕಿದೆ. ಉತ್ತರ ತಕ್ಷಣ ಸಿಕ್ಕಿತು. ಕೂತಂತೆ ಕಾಣುತ್ತದೆ, ಕೂರುವುದಿಲ್ಲ, ಒತ್ತಾಯ ಮಾಡಬೇಡಿ. ಇದನ್ನು ಗಂಡನಿಗೆ ಓದಿ ಹೇಳಲು ತಲೆ ಎತ್ತಿದೆ. ಅಷ್ಟರಲ್ಲಿ ಟಕ್ಕೆಂದಿತು.

ನಲ್ಲಿ ಸ್ಪ್ಯಾನರಿನ ಬಾಯಲ್ಲಿತ್ತು. ಅದಿದ್ದ ಜಾಗದಿಂದ ಕಂದು ಬಣ್ಣದ ಧಾರೆ, ಬೆರಳಿನಷ್ಟು ದಪ್ಪದ್ದು, ಕಮಾನಿನಂತೆ ಬಾಗಿ ಹೋಗಿ ಕುರ್ಚಿಯ ದಿಂಬಿನ ಮೇಲೆ ಬೀಳುತ್ತಿತ್ತು. ಹಬೆಯಲ್ಲಿ ಏನೂ ಕಾಣುತ್ತಿರಲಿಲ್ಲ. "ಅಮ್ಮಾ!" ಎಂದು ಕಿರುಚಿದೆ. ಹೇಳಲು ನಾಚಿಕೆಯಾಗುತ್ತದೆ, ನಾನು ಬಗ್ಗಿ ಕುರ್ಚಿಯ ಕೆಳಗೆ ನೋಡಿದೆ, ಅಮ್ಮ ಅಲ್ಲಿಗೆ ಉರುಳಿ ಹೋಗಿರುವ ಕಿವಿಯೋಲೆಯೋ ಎಂಬಂತೆ.

ಅಡುಗೆಮನೆಯಿಂದ ದನಿ ಬಂತು: "ಏನೇ ಕೂಗಾಟ? ದೊಡ್ಡ ಪಾತ್ರೆಗಳನ್ನೆಲ್ಲ ಎಲ್ಲಿಟ್ಟಿದೀಯಾ? ಒಂದು ಸಾಮಾನೂ ಕೈಗೆ ಸಿಗಲ್ಲ ನಿನ್ನ ಮನೇಲಿ!"

ಬಟ್ಟಲು ತುಂಬಿತೆಂದು ಎದ್ದು ಹೋಗಿದ್ದಳು. ಅಡುಗೆಮನೆಯನ್ನು ನಾನು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದರೆ ಪಾತ್ರೆ ಬೇಗ ಸಿಕ್ಕಿ, ಅವಳು ಬಂದು ಕೂತೇಬಿಡುತ್ತಿದ್ದಳು. ಮೀಟಿಂಗುಗಳಲ್ಲಿ ನಾನು ಲೆಕ್ಕಹಾಕುವುದು ಇದನ್ನೇ.

ಅಮ್ಮ ಕೈಯಲ್ಲಿ ದೊಡ್ಡ ಡಬರಿ ಹಿಡಿದು ಬಾಗಿಲಿಗೆ ಬಂದಳು. ಧಾರೆ ಕಂಡಳು, ನಲ್ಲಿ ಹಿಡಿದು ವಿಗ್ರಹದಂತೆ ನಿಂತ ಅಳಿಯನನ್ನು ಕಂಡಳು. "ಮೊದ್ಲು ಗ್ಯಾಸ್ ಆರ್ಸಿ!" ಎಂದು ಗದರಿದಳು. ಅಳಿಯನನ್ನು ಅವಳು ಗದರಿದ್ದು ಅದೇ ಮೊದಲು. ಅವನು ಆರಿಸಿದ. ಮೂವತ್ತು ಲೀಟರು ಡ್ರೈವ್‌ವೇ ಇಳಿದು ರಸ್ತೆಯ ಮೋರಿಯತ್ತ ಹಬೆಯಾಡುತ್ತ ಹೋಯಿತು. ನಾಯಿ ಅಡ್ಡಾಡಿಸುತ್ತಿದ್ದ ಎದುರುಮನೆಯಾತ ಕೈಬೀಸಿದ. ನನ್ನ ಗಂಡ ಸ್ಪ್ಯಾನರು ಹಿಡಿದ ಕೈಯನ್ನೇ ತಿರುಗಿ ಬೀಸಿದ.

ಹರಿದದ್ದೆಲ್ಲ ತಣಿದ ಮೇಲೆ ಅಮ್ಮ ಅಂಟು ನೆಲದಲ್ಲಿ ಪಚಪಚ ನಡೆದು ಕುರ್ಚಿಯ ಹತ್ತಿರ ಹೋದಳು. ದಿಂಬಿನಿಂದ ಇನ್ನೂ ಹಬೆ ಏಳುತ್ತಿತ್ತು. ಬೆರಳು ತಾಗಿಸಿ ಸರಕ್ಕನೆ ಹಿಂದೆಳೆದಳು.

"ನಾನು ಇಲ್ಲೇ ಅಲ್ವಾ ಕೂತಿದ್ದು?"

ನನ್ನ ಗಂಡ ಸ್ಪ್ಯಾನರು ಕೆಳಗಿಟ್ಟು, "ಅತ್ತೆ, ಅದು ಥ್ರೆಡ್ಡು..." ಎಂದು ಬಾಯಿ ತೆಗೆದ.

"ನೀವು ಸುಮ್ನಿರಿ ಅಳಿಯಂದ್ರೇ" ಎಂದಳು, ಮೆಲ್ಲಗೆ. ಚಪ್ಪಲಿ ಅಂಟಿಕೊಂಡು ಹೆಜ್ಜೆ ಕಿತ್ತಿಡಲಾಗದೆ ಗೋಡೆ ಹಿಡಿದುಕೊಂಡಳು.

ನಾನು ಅವಳನ್ನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂರಿಸಿ, ತೋಟದ ಪೈಪು ಎಳೆದು ತಂದು, ಕಾಲಿಗೆ ನೀರು ಬಿಟ್ಟೆ. ಚಪ್ಪಲಿ ಬಿಚ್ಚಿ, ಹಿಮ್ಮಡಿ, ಪಾದ, ಬೆರಳ ಸಂದಿ ತೊಳೆದೆ. ಎಲ್ಲೂ ಕೆಂಪಾಗಿರಲಿಲ್ಲ. ಮತ್ತೊಮ್ಮೆ ತೊಳೆದೆ.

"ಏನೇ, ಬೆರಳು ಎಣಿಸ್ತಿದೀಯಾ?"

"ಹೂಂ."

"ಎಷ್ಟಿದೆ?"

"ಹತ್ತು."

"ಸರಿ ಹಾಗಾದ್ರೆ. ನಿಲ್ಸು ಮಾರಾಯ್ತಿ, ನೀರು ಮಂಜುಗಡ್ಡೆ ಹಾಗಿದೆ!"

ನಾನು ನಿಲ್ಲಿಸಲಿಲ್ಲ. ಅವಳು ಬೈಯುತ್ತಿದ್ದಳು, ಕಾಲು ಎಳೆದುಕೊಳ್ಳುತ್ತಿದ್ದಳು. ನಾನು ಆ ಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಮತ್ತೆ ಒಂದರಿಂದ ಎಣಿಸತೊಡಗಿದೆ.