ಬಾಗಿಲಾಚೆಯ ಕ್ಲಾರಿನೆಟ್

ಅವರ ಬಲಗೈ ಹೆಬ್ಬೆರಳ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ, ಗಟ್ಟಿಯಾದ ಗಂಟಿತ್ತು. ಮೂವತ್ತು ವರ್ಷ ಕ್ಲಾರಿನೆಟ್ಟಿನ ಭಾರವನ್ನು ಆ ಒಂದು ಬೆರಳೇ ಹೊತ್ತಿತ್ತು. ಹುಮನಾಬಾದಿನಲ್ಲಿ ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ಶಾಲೆಯ ಮಾಸ್ತರಲ್ಲ, ಮದುವೆ ಬ್ಯಾಂಡಿನ ಮಾಸ್ತರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು ನಾನು. ಆದರೆ ಕಲಿತದ್ದು ನಾನು, ಕಲಿಸಿದ್ದು ಅವರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಹೆದ್ದಾರಿಯ ಬದಿಗೆ ನನ್ನ ಗೆಳೆಯನ ರೇಡಿಯೋ ರಿಪೇರಿ ಅಂಗಡಿ ಇತ್ತು. ಹೈದರಾಬಾದಿನಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರನೊಬ್ಬ ತನ್ನ ಟ್ರಂಕಿನ ತುಂಬ ಇಂಗ್ಲಿಷ್ ರಾಕ್ ರೆಕಾರ್ಡುಗಳನ್ನು ತಂದಿದ್ದ. ಭಾನುವಾರ ಮಧ್ಯಾಹ್ನ ನಾವು ಮೂವರೂ ಆ ಅಂಗಡಿಯಲ್ಲಿ ಕೂತು ಜಗಳವಾಡುತ್ತಿದ್ದೆವು. ಇಡೀ ಒಂದು ಮಗ್ಗುಲು ಒಂದೇ ಹಾಡಿರುವ ರೆಕಾರ್ಡೇ ಎಲ್ಲಕ್ಕಿಂತ ಮೇಲು ಎಂದು ಬ್ಯಾಂಕಿನವನ ವಾದ. ಗಿಟಾರು ಅರಚಬೇಕು, ಬೆರಳು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡಬೇಕು ಎಂದು ಅಂಗಡಿಯವನ ವಾದ. ನಾನು ಹಾರ್ಮೋನಿಯಂ ಪರೀಕ್ಷೆ ಪಾಸಾದವನು. ರಾಗವಿಲ್ಲದ್ದು ಸಂಗೀತವೇ ಅಲ್ಲ, ಇವರೆಲ್ಲ ಬಾರಿಸುವವರೇ ಹೊರತು ಸಂಗೀತಗಾರರಲ್ಲ ಎಂದು ತೀರ್ಪು ಕೊಡುತ್ತಿದ್ದೆ. ಕೊಡುತ್ತಿದ್ದೆ, ಆದರೂ ಪ್ರತಿ ಭಾನುವಾರ ಹೋಗಿ ಕೇಳುತ್ತಿದ್ದೆ.

ಒಂದು ದಿನ ಮಾಸ್ತರು ಕೆಟ್ಟ ಆಂಪ್ಲಿಫೈಯರ್ ಹಿಡಿದುಕೊಂಡು ಬಂದರು. ನಮ್ಮ ಕೂಗಾಟ ಸ್ವಲ್ಪ ಹೊತ್ತು ಕೇಳಿ, ಸಿಟ್ಟಿನಿಂದಲೇ, ಆ ರೆಕಾರ್ಡನ್ನು ಮತ್ತೊಮ್ಮೆ ಹಚ್ಚಲು ಹೇಳಿದರು. ಕಣ್ಣು ಮುಚ್ಚಿ ನಿಂತರು.

"ಕೆಳಗ ಒಬ್ಬಾಂವ ದಪ್ಪ ದನಿಲೆ ನಡ್ಯಾಕತ್ತಾನ, ಕೇಳಸ್ತದೇನ್ರಿ? ಅವ ನಿಂತನಂದ್ರ ಮ್ಯಾಲೆ ಒದರೋ ಮಂದಿ ಎಲ್ಲಾ ಬೀಳ್ತಾರ. ಅವನ ಹೆಸರೇನು?"

ಬ್ಯಾಂಕಿನವನು ರೆಕಾರ್ಡಿನ ಹೊದಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆ ಬೇಸ್ ಗಿಟಾರಿನವನ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಇಷ್ಟು ದಿನ ಜಗಳಾಡಾಕತ್ತೀರಿ, ಇವನ ಹೆಸರು ಗೊತ್ತಿಲ್ಲ. ಬೆರಳು ಓಡಸೋದು ಕಸರತ್ತು. ಬ್ಯಾರೆಯವರ ದನಿಗೆ ಜಾಗ ಬಿಡೋದು ಇಲ್ಮ್." ಇಲ್ಮ್ ಅಂದರೆ ವಿದ್ಯೆ. ಆ ಮಾತನ್ನು ಅವರು ಹಗುರವಾಗಿ ಬಳಸುತ್ತಿರಲಿಲ್ಲ.

ಅಂದಿನಿಂದ ಎರಡು ವರ್ಷ ಭಾನುವಾರಗಳು ಅವರವಾದವು. ರೆಕಾರ್ಡನ್ನು ನಡುವೆ ನಿಲ್ಲಿಸಿ ಈಗ ಯಾರು ಬಂದರು, ಯಾರು ಹಿಂದೆ ಸರಿದರು ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಬೈಯುತ್ತಿದ್ದರು. ಮದುವೆಯಲ್ಲೂ ಅದೇ ಸ್ವಭಾವ. ಒಮ್ಮೆ ಮಾಸ್ತರು ನುಡಿಸುತ್ತಿದ್ದ ಹಾಡಿನ ನಡುವೆಯೇ ವರನ ಸೋದರಮಾವ ಬೇರೆ ಸಿನಿಮಾ ಹಾಡು ಬೇಕೆಂದು ಹಟ ಹಿಡಿದ. ಇದು ಮುಗಿಯುವ ತನಕ ಕುದುರೆ ಒಂದು ಹೆಜ್ಜೆ ಮುಂದೆ ಹೋಗಬಾರದು ಎಂದು ಮಾಸ್ತರು ಮೆರವಣಿಗೆಯನ್ನೇ ಚೌರಸ್ತೆಯಲ್ಲಿ ನಿಲ್ಲಿಸಿದರು. ಎರಡೂ ಕಡೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅವರು ಹಾಡು ಮುಗಿಸಿಯೇ ಬಿಟ್ಟರು.

ಬಸವಕಲ್ಯಾಣದ ಒಂದು ಸಂಗೀತ ಸಭೆಗೆ ನಾನು ಆಗ ಸಹಕಾರ್ಯದರ್ಶಿ. ವಾರ್ಷಿಕ ಕಛೇರಿಯಲ್ಲಿ ಮಾಸ್ತರಿಗೆ ಹದಿನೈದು ನಿಮಿಷ ಕೊಡೋಣವೆಂದೆ. ಅಧ್ಯಕ್ಷರು ನಕ್ಕರು.

"ಬಾಜಾದವರನ್ನ ಮ್ಯಾಲೆ ಕೂಡಿಸಿದ್ರ ಗವಾಯಿಗಳು ಮುಂದಿನ ವರ್ಷ ಬರ್ತಾರೇನ್ರಿ? ಗೇಟಿನಾಗ ಸ್ವಾಗತಕ್ಕ ಕರೀರಿ."

ನಾನು ತಿರುಗಿ ಮಾತಾಡಲಿಲ್ಲ. ಅಷ್ಟೇ ಆಗಿದ್ದರೆ ಬರೀ ಹೇಡಿತನ. ಮಾಸ್ತರಿಗೆ ಹೋಗಿ ಅರ್ಧ ಸುಳ್ಳು ಹೇಳಿದೆ: ಮೊದಲು ಬಾಗಿಲಲ್ಲಿ ಸ್ವಾಗತ ಇರುತ್ತದೆ, ಆಮೇಲೆ ನೋಡೋಣ.

ಅವರು ಬ್ಯಾಂಡಿನ ಕೆಂಪು ಕೋಟು ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಶೇರ್ವಾನಿ ತೊಟ್ಟು, ಒಬ್ಬರೇ ಬಸ್ಸಿಗೆ ಬಂದರು. ಗವಾಯಿಗಳ ಕಾರು ಬರಲು ಎರಡು ತಾಸು ತಡವಾಯಿತು. ಬಿಸಿಲಲ್ಲಿ ನಿಂತೇ ಇದ್ದರು. ಕಾರು ಬಂದಿತು, ಸ್ವಾಗತ ನುಡಿಸಿದರು. ಅತಿಥಿಗಳ ಹಿಂದೆ ಒಳಗೆ ಹೊರಟಾಗ ಅಧ್ಯಕ್ಷರು ಅಡ್ಡ ಬಂದು, ನಿಮ್ಮ ಕೆಲಸ ಆಯಿತು, ಇನ್ನು ಹೊರಡಿ ಎಂದರು.

ಮಾಸ್ತರು ಮೆಟ್ಟಿಲ ಮೇಲೆಯೇ ನಿಂತು, ಸಭಾಂಗಣದ ಕಡೆ ಮುಖ ಮಾಡಿ ನುಡಿಸತೊಡಗಿದರು. ಮದುವೆಯ ಹಾಡಲ್ಲ. ನಿಧಾನವಾಗಿ, ಒಂದೊಂದು ಸ್ವರದ ಮೇಲೂ ನಿಂತು, ಸಂಜೆಯ ರಾಗ ಪೂರಿಯಾ ಧನಾಶ್ರೀ. ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡುತ್ತಿದ್ದರು. ಒಳಗೆ ನನ್ನ ಮುಂದೆ ಕೂತಿದ್ದ ಅಧ್ಯಕ್ಷರು ತಿರುಗಿ ನನ್ನತ್ತ ನೋಡಿದರು. ನಾನೇ ಎದ್ದು ಹೋಗಿ ಬಾಗಿಲು ಹಾಕಿ ಅಗಳಿ ಜಡಿದೆ.

ಮುಂದಿನ ಭಾನುವಾರ ಅವರು ಅಂಗಡಿಗೆ ಬಂದರು. ಕೂಡಲಿಲ್ಲ.

"ಬಾಗಲಾ ಹಾಕಿದವರು ನೀವೇನ್ರಿ?"

ಹೌದೆಂದೆ.

"ಹಾಕೂ ಮುಂದ ಕೇಳಸ್ತೇನು?"

"ಕೇಳಸ್ತು ಮಾಸ್ತರ್. ಭಾಳ ಚಲೋ ಇತ್ತು."

"ಅದಕ್ಕೇ ನಿಮ್ಮ ಮ್ಯಾಲೆ ಸಿಟ್ಟು. ಆ ಮಂದಿಗಿ ಕಿವಿ ಇಲ್ಲ. ನಿಮಗ ಅದ. ನಾನೇ ಕೊಟ್ಟೀನಿ."

ಆಮೇಲೆ ನನ್ನೊಂದಿಗೆ ಅವರು ಎಂದೂ ಮಾತಾಡಲಿಲ್ಲ. ವಾರದೊಳಗೆ ನಾನು ಸಭೆಗೆ ರಾಜೀನಾಮೆ ಬರೆದೆ. ಕಾರಣವೆಂದು ಕಾಣಿಸಿದ್ದು ಅನಾರೋಗ್ಯ. ನಿಜವಾದ ಕಾರಣ ಬರೆಯಲು ಒಂದು ಸಾಲು ಸಾಕಾಗಿತ್ತು. ಆ ಸಾಲನ್ನು ಬರೆಯದ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಧ್ಯಕ್ಷರ ಮೇಲಿನ ಸಿಟ್ಟು ಅದರ ಮುಂದೆ ಏನೂ ಅಲ್ಲ. ಅವರು ತಾವು ನಂಬಿದ್ದನ್ನು ಮಾಡಿದರು, ನಾನು ನಂಬದ್ದನ್ನು ಮಾಡಿದೆ.

ಐದಾರು ವರ್ಷಗಳ ಮೇಲೆ, ಬೇರೆ ಊರಿಗೆ ವರ್ಗವಾಗಿದ್ದ ನಾನು ಹುಮನಾಬಾದಿನ ಒಂದು ಮದುವೆಗೆ ಬಂದಾಗ, ಮಾಸ್ತರ ಬ್ಯಾಂಡು ಅವರಿಲ್ಲದೆ ಬಂತು. ವಿಚಾರಿಸಿದೆ. ಎದೆಬೇನೆಯಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ಮರುದಿನವೇ ಅವರ ಮನೆ ಹುಡುಕಿಕೊಂಡು ಹೋದೆ. ಮಗಳು ಹೊಸ್ತಿಲಿಗೆ ಬಂದಳು. ನಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಬಿಗಿಯಿತು.

"ನಮ್ಮ ಅಬ್ಬಾ ಆರು ತಿಂಗಳು ಹಾಸಿಗಿ ಮ್ಯಾಲಿದ್ರು. ಆವಾಗ ಬರಲಿಲ್ಲ. ಈಗ ಯಾಕ ಬಂದ್ರಿ?"

ಅವಳು ನನ್ನ ಉತ್ತರಕ್ಕೆ ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಒಳಗೆ ಹೋದಳು.