‘ತಿಳಿಸ್ತೀವಿ’ ಅಂದವರು

ಯಲಹಂಕದ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೇಸರಿಬಾತು ತಿಂದು, ‘ತಿಳಿಸ್ತೀವಿ’ ಎಂದು ಹೋದರು. ಯುಗಾದಿ ಕಳೆದು ಗೌರಿಹಬ್ಬ ಬಂದರೂ ಫೋನಿಲ್ಲ.

‘ಬೇಡ ಅಂತೇನೂ ಹೇಳಿಲ್ವಲ್ಲ ಕಣೇ,’ ಎನ್ನುತ್ತಿದ್ದಳು ಅಮ್ಮ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಎದುರಾಡುವ ಹಾಗಿರಲಿಲ್ಲ. ಪಿಎಚ್‌.ಡಿ.ಗೆಂದು ನಾನು ಕಂಪ್ಯೂಟರಿಗೆ ಕಲಿಸುತ್ತಿದ್ದದ್ದೂ ಅದನ್ನೇ: ಅಲ್ಲವೆಂದು ಗೊತ್ತಾಗುವವರೆಗೆ ಹೌದೆಂದೇ ನಂಬು, ಗೊತ್ತಾದ ಕೂಡಲೇ ಆ ನಂಬಿಕೆ ಬಿಡು. ಏನಾದರೂ ಕೇಳಿದರೆ ನನ್ನ ಪ್ರೋಗ್ರಾಂ ಮೊದಲು ಉತ್ತರ ‘ಹೌದು’ ಎಂದಿಟ್ಟುಕೊಳ್ಳುತ್ತಿತ್ತು. ಗೊತ್ತಿರುವ ಸಂಗತಿಗಳಿಗೆ ಅದು ಹೊಂದುತ್ತದೆಯೇ ಎಂದು ಸಾಲ್ವರ್ ಎಂಬ ಇನ್ನೊಂದು ಪ್ರೋಗ್ರಾಮಿಗೆ ಕೊಟ್ಟು ನೋಡುತ್ತಿತ್ತು. ಯಾವ ರೀತಿಯಲ್ಲೂ ಹೊಂದದಿದ್ದರೆ ಮಾತ್ರ ‘ಅಲ್ಲ’ ಎನ್ನುತ್ತಿತ್ತು.

ಕಾರ್ತಿಕದ ಒಂದು ಸಂಜೆ ನಾನೂ ಅಮ್ಮನೂ ಕೂತಿದ್ದ ಬಸ್ಸು ಬಾಗಲಗುಂಟೆಯ ಕಲ್ಯಾಣಮಂಟಪದ ಮುಂದೆ ನಿಂತಿತು. ಕಮಾನಿನ ಮೇಲೆ ಹೂವಿನಲ್ಲಿ ನನ್ನನ್ನು ನೋಡಿಹೋದ ಆ ಹುಡುಗನ ಹೆಸರು, ಪಕ್ಕದಲ್ಲಿ ಯಾವುದೋ ಹುಡುಗಿಯ ಹೆಸರು. ಗೇಟಿನಲ್ಲಿ ಅವನ ಅಪ್ಪನೇ ನಿಂತು ಬಂದವರಿಗೆ ಕೈಮುಗಿಯುತ್ತಿದ್ದರು.

ಅಮ್ಮ ಎಲ್ಲವನ್ನೂ ನೋಡಿ, ಸೆರಗು ಸರಿಮಾಡಿಕೊಂಡು, ‘ಆ ಹೆಸ್ರಿನವ್ರು ಬೆಂಗ್ಳೂರಲ್ಲಿ ಎಷ್ಟ್ ಜನ ಇಲ್ಲ ಹೇಳು,’ ಎಂದಳು.

ನಂಬಿಕೆ ಬಿಡುವುದನ್ನು ಯಂತ್ರಕ್ಕೆ ಕಲಿಸಿದ್ದ ನಾನು, ‘ಹೂಂ ಅಮ್ಮ, ತುಂಬಾ ಜನ ಇದಾರೆ,’ ಎಂದೆ.